ಶಾಮಣ್ಣನ ಕೈಗುಣ

ಕೈಗುಣ ಅನ್ನುವುದು ನಿಜವಾಗಿ ಇದೆಯೋ ಇಲ್ಲವೋ, ಇದ್ದರೆ ಅದು ಶಾಮಣ್ಣನಿಗೇ ಇರಬೇಕು ಎಂದು ಪೀಣ್ಯದ ನಾಲ್ಕಾರು ಬೀದಿಗಳ ಜನ ನಂಬಿದ್ದರು. ಯಾವ ವರ್ಕ್‌ಶಾಪಿಗೆ ಹೊಸ ಲೇತ್ ಬಂದರೂ ಮೊದಲ ಸಲ ಸ್ವಿಚ್ ಒತ್ತುವುದಕ್ಕೆ ಶಾಮಣ್ಣ ಬೇಕು. ಮೂಲೆಯಲ್ಲಿ ಯಾರಾದರೂ ಕಾಂಡಿಮೆಂಟ್ಸ್ ತೆರೆದರೆ ಬೋಣಿಗೆ ಶಾಮಣ್ಣ ಬೇಕು. ಹೊಸ ಸ್ಕೂಟರ್ ಕೊಂಡವರು ಅವನಿಂದಲೇ ಕಿಕ್ ಹೊಡೆಸಿಕೊಂಡು ಹೋಗುತ್ತಿದ್ದರು. ಕಿಕ್ ಹೊಡೆಯುವುದು ಕಾಲಿನಿಂದ ಎಂಬುದು ಯಾರ ತಲೆಗೂ ಹೋಗಿರಲಿಲ್ಲ. ಅವನು ಬೋಣಿ ಮಾಡಿದ ಅಂಗಡಿಗಳಲ್ಲಿ ಎಷ್ಟೋ ಬಾಗಿಲು ಮುಚ್ಚಿದವು. ಅದನ್ನು ಯಾರೂ ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲ, ಶಾಮಣ್ಣನಂತೂ ಇಟ್ಟುಕೊಳ್ಳಲೇ ಇಲ್ಲ. ಬಲಗೈಯನ್ನು ಅವನು ಎಷ್ಟು ಜೋಪಾನ ಮಾಡುತ್ತಿದ್ದನೆಂದರೆ, ಮಲಗುವಾಗಲೂ ಆ ಮಗ್ಗುಲಿಗೆ ತಿರುಗುವುದಿಲ್ಲ ಎಂದು ಹೆಂಡತಿ ರಾಧಮ್ಮ ಬಂದವರೆದುರಿಗೆಲ್ಲ ಆಡಿಕೊಳ್ಳುತ್ತಿದ್ದಳು.

ರಾಧಮ್ಮನ ಅಕ್ಕ ವಿಜಯಾ ಅಮೆರಿಕದ ಸಿಯಾಟಲ್‌ನಲ್ಲಿ ನೆಲೆ ನಿಂತವಳು. ತಂಗಿಯನ್ನು ಕರೆಸಿಕೊಳ್ಳಲು ಅವಳು ಯಾವ ಕಾಲದಲ್ಲೋ ಹಾಕಿದ್ದ ಅರ್ಜಿ, ಎಲ್ಲರೂ ಮರೆತ ಮೇಲೆ ಮಂಜೂರಾಯಿತು. ಹೀಗೆ, ಉಳಿದವರು ರಿಟೈರಾಗುವ ಯೋಚನೆ ಮಾಡುವ ವಯಸ್ಸಿನಲ್ಲಿ ಶಾಮಣ್ಣ ಸಿಯಾಟಲ್ ಪಕ್ಕದ ಎವರೆಟ್‌ಗೆ ಬಂದಿಳಿದ. ರಾಧಮ್ಮ ಸಿಯಾಟಲ್ ಪೇಟೆಯ ಸೌತ್ ಲೇಕ್ ಯೂನಿಯನ್‌ನಲ್ಲಿ ಒಂದು ಕಂಪನಿಯ ಕ್ಯಾಂಟೀನಿಗೆ ತರಕಾರಿ ಹೆಚ್ಚುವ ಕೆಲಸ ಹಿಡಿದಳು. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಶಾಮಣ್ಣನಿಗೆ ಕೆಲಸ ಕೊಟ್ಟವರು ವಿಜಯೇಂದ್ರ.

ಮೈಸೂರಿನಿಂದ ಓದುವುದಕ್ಕೆ ಬಂದು, ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡಿ, ಬಹಳ ವರ್ಷ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು, ಆಮೇಲೆ ಅದೇ ಕಾರ್ಖಾನೆಗೆ ಸಣ್ಣ ಪುಟ್ಟ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪ್ ಹಾಕಿದ್ದ ಹಿರಿಯರು ಅವರು. ಕನ್ನಡ ಸಂಘದ ವೇದಿಕೆಯಲ್ಲಿ ಅವರಿಗೆ ಯಾವಾಗಲೂ ಮುಂದಿನ ಸಾಲಿನ ಕುರ್ಚಿ. ಸಿಟ್ಟು ಮಾಡಿದವರಲ್ಲ, ಏರುದನಿಯಲ್ಲಿ ಮಾತಾಡಿದವರಲ್ಲ. ಶಾಮಣ್ಣನ ಕೈಗುಣದ ಕಥೆ ವಿಜಯಾಳ ಬಾಯಿಂದ ಕೇಳಿದ ದಿನವೇ ಅವರು ನಂಬಿಬಿಟ್ಟರು. ಲೋಹ ಕೊರೆಯುವ ಹೊಸ ಮಿಲ್ಲಿಂಗ್ ಮಿಷನ್ ಬಂದಾಗ ಮೊದಲ ಕಟ್ ಅವನಿಂದಲೇ ಹಾಕಿಸಿದರು. ಅದಾಗಿ ತಿಂಗಳೊಳಗೆ ದೊಡ್ಡದೊಂದು ಆರ್ಡರ್ ಬಂತು. ಬರಬೇಕಾದ ಆರ್ಡರೇ ಬಂದದ್ದು, ಆದರೆ ಹಾಗಂತ ಅಲ್ಲಿ ಯಾರು ಹೇಳುತ್ತಾರೆ?

ಆಯುಧ ಪೂಜೆ ಆ ವರ್ಕ್‌ಶಾಪಿನ ದೊಡ್ಡ ಹಬ್ಬ. ಶಾಮಣ್ಣ ಪಂಚೆ ಉಟ್ಟು, ಅದರ ಕೆಳಗೆ ಸುರಕ್ಷತೆಯ ಬೂಟು ಹಾಕಿಕೊಂಡು, ಮಿಷನ್ನುಗಳಿಗೆಲ್ಲ ಕುಂಕುಮ ಇಡುತ್ತ ಬರುತ್ತಿದ್ದ. ಎಮರ್ಜೆನ್ಸಿ ಬಟನ್ನಿಗೂ ಇಡುತ್ತಿದ್ದ. ಅದು ಮೊದಲೇ ಕೆಂಪಾದ್ದರಿಂದ ಕುಂಕುಮ ಕಾಣುತ್ತಿರಲಿಲ್ಲ. ಫೋರ್ಕ್‌ಲಿಫ್ಟ್‌ನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುವುದು, ಪಾರ್ಕಿಂಗ್ ಜಾಗದಲ್ಲಿ ಬೂದುಗುಂಬಳ ಒಡೆಯುವುದು, ಎಲ್ಲ ಅವನದೇ ಪಾರುಪತ್ಯ. ಒಡೆದ ಹೋಳನ್ನು ಗುಡಿಸುವವಳು ಒಲೆನಾ. ಉಕ್ರೇನಿನಿಂದ ಬಂದ ಹೆಂಗಸು, ಕತ್ತರಿಸಿದ ಲೋಹದ ಚೂಪು ಅಂಚುಗಳನ್ನು ಉಜ್ಜಿ ನಯ ಮಾಡುವುದು ಅವಳ ಕೆಲಸ. ಅವಳ ಗಂಡ ಮನೆ ಕಟ್ಟುವ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದ, ಮಗನಿಗೆ ಆಗಾಗ ಫಿಟ್ಸ್ ಬರುತ್ತಿತ್ತು. ಪ್ರಸಾದವೆಂದು ಕೊಟ್ಟ ಕೇಸರಿಬಾತನ್ನು ತಾನು ತಿನ್ನದೆ ಡಬ್ಬಿಗೆ ಹಾಕಿಕೊಂಡು ಹೋಗುತ್ತಿದ್ದಳು.

ಅಂಥ ಒಂದು ಆಯುಧ ಪೂಜೆಯ ದಿನ ವಿಜಯೇಂದ್ರ ಅವನನ್ನು ಆಫೀಸಿನೊಳಕ್ಕೆ ಕರೆದರು. ಶಾಮಣ್ಣ ಬೋನಸ್ಸಿನ ಆಸೆಯಲ್ಲಿ ಹೋದ.

"ಶಾಮಣ್ಣ, ಬೋನಸ್ ಎಲ್ಲರೂ ಕೊಡ್ತಾರೆ. ನಿಮಗೆ ನಾನು ಒಂದು ಮರ್ಯಾದೆ ಮಾಡ್ಬೇಕು ಅಂತಿದೀನಿ. ಇನ್ಮೇಲೆ ಸಂಬಳದ ಚೆಕ್ಕಿಗೆಲ್ಲ ನಿಮ್ಮದೇ ಸೈನ್. ನಿಮ್ಮ ಕೈಯಿಂದ ಹೊರಟ ದುಡ್ಡು ಹತ್ತರಷ್ಟಾಗಿ ವಾಪಸ್ ಬರುತ್ತೆ."

"ಅಯ್ಯೋ ಸಾರ್, ನಾನು ಯಾತಕ್ಕೆ..."

"ನೀವಲ್ಲದೆ ಇನ್ಯಾರು? ಬ್ಯಾಂಕ್‌ನವರು ಬರೀ ವರ್ಕರ್ ಸೈನ್ ಒಪ್ಪಲ್ಲ. ಅದಕ್ಕೆ ನಿಮ್ಮನ್ನ ವೈಸ್ ಪ್ರೆಸಿಡೆಂಟ್ ಮಾಡ್ತಿದೀನಿ."

ಶಾಮಣ್ಣ ಉಬ್ಬಿಹೋದ. ಮನೆಗೆ ಹೋಗಿ ಸುದ್ದಿ ಹೇಳಿದಾಗ ರಾಧಮ್ಮ ಬಸ್ಸಿಳಿದು ಬಂದ ಸುಸ್ತಿನಲ್ಲಿ ಕಾಲು ಒತ್ತಿಕೊಳ್ಳುತ್ತಿದ್ದಳು.

"ಸಂಬಳ ಎಷ್ಟು ಜಾಸ್ತಿ ಆಯ್ತು ರೀ?"

"ಇದು ಸಂಬಳದ ಮಾತಲ್ಲ ಕಣೇ."

"ಮತ್ತೆ ಯಾತರ ಮಾತು?"

ವಿಸಿಟಿಂಗ್ ಕಾರ್ಡು ಅಚ್ಚಾಗಿ ಬಂದಾಗ ಒಂದನ್ನು ದೇವರ ಗೂಡಿನಲ್ಲಿ ವೆಂಕಟರಮಣನ ಪಟಕ್ಕೆ ಒರಗಿಸಿ ಇಟ್ಟ. ಉಳಿದವನ್ನು ಕನ್ನಡ ಸಂಘದ ಯುಗಾದಿ ಊಟದಲ್ಲಿ ಹಂಚಿದ. ಪೀಣ್ಯದ ಹಳೆಯ ಗೆಳೆಯರಿಗೆ ಫೋಟೋ ಕಳಿಸಿದ. ಪಾಪ, ಅಷ್ಟು ವರ್ಷ ಬೇರೆಯವರ ಮಿಷನ್ನಿಗೆ ಎಣ್ಣೆ ಹಾಕಿದವನಿಗೆ ಅಷ್ಟು ಸಂತೋಷವೂ ಬೇಡವೆ? ಸಂಬಳದ ಶುಕ್ರವಾರ ಬಂತೆಂದರೆ ಕೈಗೆ ಮೆತ್ತಿದ ಗ್ರೀಸನ್ನು ತಿಕ್ಕಿ ತಿಕ್ಕಿ ತೊಳೆದು, ಪೆನ್ನನ್ನು ಕಣ್ಣಿಗೊತ್ತಿಕೊಂಡು, ಒಂದೊಂದು ಚೆಕ್ಕಿಗೂ ಪೂರಾ ಹೆಸರು ಬರೆದು ಸೈನ್ ಮಾಡುತ್ತಿದ್ದ. ಮೊತ್ತ ಬರೆದಿಡುವವರು ವಿಜಯೇಂದ್ರ. ಅಲ್ಲಿ ಎಷ್ಟಿದೆ ಎಂದು ಇಣುಕಿ ನೋಡುವುದು ಮರ್ಯಾದೆಯಲ್ಲವೆಂದು ಶಾಮಣ್ಣ ಆ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ.

ಆ ಉಮೇದಿನಲ್ಲೇ ಎವರೆಟ್‌ನಲ್ಲಿ ಎರಡು ರೂಮಿನ ಮನೆಯೊಂದನ್ನು ಸಾಲ ಮಾಡಿ ಕೊಂಡರು. ಹಾಲು ಉಕ್ಕಿಸುವಾಗ ಒಲೆ ಹಚ್ಚಿದ್ದೂ ಅವನೇ. ತನ್ನ ಮನೆಗೆ ತನ್ನದೇ ಕೈಗುಣ.

ಆಮೇಲೆ ವಿಮಾನ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಅಲ್ಲಿ ಕೆಲಸ ನಿಂತಿತು, ಇಲ್ಲಿ ಆರ್ಡರ್ ನಿಂತವು. ಮುಷ್ಕರ ಮುಗಿದರೂ ಸಣ್ಣ ವರ್ಕ್‌ಶಾಪುಗಳಿಗೆ ನೀರು ಹರಿದು ಬರುವುದು ತಡ. ಒಂದು ಸಲ ಸಂಬಳ ತಪ್ಪಿತು, ಮತ್ತೊಂದು ಸಲವೂ ತಪ್ಪಿತು. ಸಾರ್ ಬಂದು ಕೈಮುಗಿದು, ಸ್ವಲ್ಪ ಹೊಟ್ಟೆಗೆ ಹಾಕಿಕೊಳ್ಳಿ ಎಂದರು. ಎಲ್ಲರೂ ಹಾಕಿಕೊಂಡರು. ಕ್ವಾಲಿಟಿ ನೋಡುತ್ತಿದ್ದ ಅನಿಲ್ ಎಂಬವನು ಮಾತ್ರ ಗೊಣಗಿದ. ಅವನು ಹುಬ್ಬಳ್ಳಿ ಕಡೆಯವನು, ಒಂಟಿಗ, ಮುಖದ ಮೇಲೆ ಹೊಡೆದ ಹಾಗೆ ಮಾತಾಡುವವನು.

ಮೂರನೇ ಸಂಬಳದ ಶುಕ್ರವಾರ ಸಾರ್ ವರ್ಕ್‌ಶಾಪಿಗೆ ಬರಲಿಲ್ಲ. ಫೋನ್ ಬಂತು.

"ಶಾಮಣ್ಣ, ಚೆಕ್ಕೆಲ್ಲ ಡ್ರಾದಲ್ಲಿವೆ. ಆದ್ರೆ ಅಕೌಂಟಲ್ಲಿ ಎಲ್ಲಾರಿಗೂ ಆಗೋಷ್ಟಿಲ್ಲ. ಅರ್ಧ ಜನಕ್ಕೆ ಆಗ್ಬಹುದು. ಯಾರಿಗೆ ಕೊಡ್ಬೇಕು, ಯಾರಿಗೆ ಬೇಡ, ನೀವೇ ನೋಡಿ ಸೈನ್ ಮಾಡ್ಬಿಡಿ. ನನ್ನ ಕೈಲಿ ಆಗಲ್ಲ ಅದು. ನಿಮ್ಮ ಕೈಯಿಂದ ಹೋದ್ರೆ ಒಳ್ಳೇದಾಗುತ್ತೆ."

ಆಗ "ನನ್ನ ಕೈಲೂ ಆಗಲ್ಲ ಸಾರ್" ಎಂದಿದ್ದರೆ ಈ ಕಥೆಯೇ ಇಲ್ಲ. ಬೇರೆ ಯಾರಾದರೂ ಹಾಗೇ ಅನ್ನುತ್ತಿದ್ದರು. ಶಾಮಣ್ಣನಿಗೆ ಸಂಕಟವಾಯಿತು ನಿಜ, ಆದರೆ ಅದರ ಜೊತೆಗೇ, ಇಂಥ ಕಷ್ಟದಲ್ಲಿ ಸಾರ್ ನನ್ನನ್ನೇ ನಂಬಿದರಲ್ಲ ಎಂದೂ ಅನ್ನಿಸಿತು. ಆ ಹಾಳು ಹೆಮ್ಮೆ ಸಂಕಟಕ್ಕಿಂತ ಒಂದು ಹಿಡಿ ಜಾಸ್ತಿಯೇ ಇತ್ತು. ಬಾಗಿಲು ಹಾಕಿಕೊಂಡು ಕೂತು, ಮಕ್ಕಳಿರುವವರನ್ನು ಮೊದಲು ನೋಡಿದ. ಒಲೆನಾಳ ಚೆಕ್ಕಿಗೆ ಎಲ್ಲಕ್ಕಿಂತ ಮುಂಚೆ ಸೈನ್ ಹಾಕಿದ. ಅನಿಲ್‌ಗೆ ಹೆಂಡತಿ ಮಕ್ಕಳಿಲ್ಲ, ತಡೆದುಕೊಳ್ಳುತ್ತಾನೆ ಎಂದು ಅವನದನ್ನು ಪಕ್ಕಕ್ಕಿಟ್ಟ. ತನ್ನದನ್ನೂ ಪಕ್ಕಕ್ಕಿಟ್ಟ, ಇಂಥ ಹೊತ್ತಿನಲ್ಲಿ ತನಗೆ ತಾನೇ ಬರೆದುಕೊಂಡರೆ ಚೆನ್ನಾಗಿರುವುದಿಲ್ಲ. ಹೊರಗೆ ಬಂದು ಚೆಕ್ಕುಗಳನ್ನು ಒಬ್ಬೊಬ್ಬರಿಗೂ ಕೈಯಾರೆ ಕೊಟ್ಟ. ಒಲೆನಾ ಅಳುತ್ತ ಏನೋ ತನ್ನ ಭಾಷೆಯಲ್ಲಿ ಹೇಳಿದಳು. ಸಿಗದವರಿಗೆ ಸೋಮವಾರ ಖಂಡಿತ ಎಂದ.

ಸೋಮವಾರ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ವಿಜಯೇಂದ್ರ ದಿವಾಳಿ ಅರ್ಜಿ ಹಾಕಿಕೊಂಡು ಮಗಳ ಊರಿಗೆ ಹೊರಟುಹೋಗಿದ್ದರು. ಕಂಪನಿಯೂ ಮುಳುಗಿತ್ತು, ಅವರೂ ಮುಳುಗಿದ್ದರು. ಕೊನೆಯ ಸಲ ಫೋನಿನಲ್ಲಿ ಸಿಕ್ಕಾಗ, "ಹೆದರ್ಕೋಬೇಡಿ ಶಾಮಣ್ಣ, ಇದು ಅಮೆರಿಕ. ವರ್ಕರ್ಸ್‌ನ ಸರ್ಕಾರ ಕೈಬಿಡಲ್ಲ" ಎಂದರು. ಹಾಗೆ ಹೇಳಿ ಕೈತೊಳೆದುಕೊಂಡರು ಎಂದು ರಾಧಮ್ಮ ಅಂದಾಗ ಶಾಮಣ್ಣನಿಗೆ ಸಿಟ್ಟೇ ಬಂತು.

ಆದರೆ ಆ ಮಾತಿನ ಮೇಲೆಯೇ ಅವರೆಲ್ಲ ಆಸೆ ಕಟ್ಟಿಕೊಂಡರು. ಒಲೆನಾಳ ಸೋದರಸಂಬಂಧಿಯೊಬ್ಬಳು ಪಕ್ಕದ ಒರೆಗಾನ್ ರಾಜ್ಯದಲ್ಲಿ ಬೇಕರಿಯಲ್ಲಿದ್ದಳಂತೆ. ಬೇಕರಿ ಮುಚ್ಚಿ ಮಾಲೀಕ ಕೈಯೆತ್ತಿದಾಗ ಅಲ್ಲಿನ ಸರ್ಕಾರವೇ ತನ್ನ ನಿಧಿಯಿಂದ ಬಾಕಿ ಸಂಬಳದಲ್ಲಿ ಒಂದಿಷ್ಟು ಕೊಟ್ಟಿತಂತೆ. ಶಾಮಣ್ಣನೂ ಕಾರ್ಮಿಕ ಇಲಾಖೆಗೆ ದೂರು ಕೊಟ್ಟ. ನಿರುದ್ಯೋಗ ಭತ್ಯೆ, ರಾಧಮ್ಮನ ಸಂಬಳ ಎರಡೂ ಸೇರಿದರೆ ಮನೆಯ ಕಂತಿಗೆ ಆಗುತ್ತಿತ್ತು, ಹೊಟ್ಟೆಗೆ ಆಗುತ್ತಿರಲಿಲ್ಲ. ಆಗಲೇ ಕಂತು ತಪ್ಪಿತ್ತು. ಆ ಬಾಕಿ ಸಂಬಳ ಬಂದರೆ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಇಷ್ಟು ವಿಷಯ ಗಂಡಹೆಂಡಿರಿಬ್ಬರಿಗೂ ಗೊತ್ತಿತ್ತು.

ಇಲಾಖೆಯಿಂದ ಫೋನ್ ಮಾಡಿದ ಅಧಿಕಾರಿ ಹೆಂಗಸು ನಿಧಾನವಾಗಿ, ಅರ್ಥವಾಗುವ ಹಾಗೆ ಮಾತಾಡಿದಳು. ಈ ರಾಜ್ಯದಲ್ಲಿ ಹಾಗೊಂದು ನಿಧಿ ಇಲ್ಲ. ಎರಡು ರಾಜ್ಯಗಳ ನಡುವಿನ ನದಿಯ ಆಚೆಗಿದೆ, ಈಚೆಗಿಲ್ಲ. ಇಲ್ಲಿ ಇಲಾಖೆ ಮಾಡಬಹುದಾದದ್ದು ಬಾಕಿದಾರರನ್ನು ಹುಡುಕಿ ವಸೂಲಿ ಮಾಡಿಕೊಡುವುದು ಮಾತ್ರ.

"ಸಾರ್ ಹತ್ತಿರ ಏನೂ ಉಳಿದಿಲ್ಲವಂತಲ್ಲ?" ಎಂದ ಶಾಮಣ್ಣ.

"ಅದನ್ನು ದಿವಾಳಿ ಕೋರ್ಟು ನೋಡುತ್ತದೆ. ಆದರೆ ಸಂಬಳ ಕೊಡುವ ಅಧಿಕಾರ ಇದ್ದ ಬೇರೆಯವರೂ ಜವಾಬ್ದಾರರಾಗಬಹುದು. ನಿಮ್ಮ ಸಹೋದ್ಯೋಗಿ ಅನಿಲ್ ಕೊಟ್ಟ ದೂರಿನಲ್ಲಿ ವೈಸ್ ಪ್ರೆಸಿಡೆಂಟ್ ಎಂದು ನಿಮ್ಮ ಹೆಸರಿದೆ."

ಅದು ಬರೀ ಹೆಸರಿಗೆ, ನಾನು ಮಿಷನ್ ಓಡಿಸುವವನು ಎಂದು ಶಾಮಣ್ಣ ತಡವರಿಸಿದ. ಹೆಸರು ಏನೇ ಇರಲಿ ಎಂದಳು ಅವಳು. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂದು ತೀರ್ಮಾನ ಮಾಡುತ್ತಿದ್ದವರು ಯಾರು ಎನ್ನುವುದೇ ಮುಖ್ಯ. ಬರೀ ಹೇಳಿದಂತೆ ಸೈನ್ ಮಾಡಿದವರಾದರೆ ನೀವು ಕೆಲಸಗಾರರೇ. ಕಚೇರಿಗೆ ಬನ್ನಿ, ನಿಮ್ಮ ಪರವಾಗಿ ಹೇಳುವವರಿದ್ದರೆ ಕರೆದುಕೊಂಡು ಬನ್ನಿ.

ಅಂದಿನಿಂದ ರಾಧಮ್ಮ ಅವನಿಗೆ ಪಾಠ ಹೇಳಿಕೊಡಲು ಕೂತಳು. ಸೊಪ್ಪು ಬಿಡಿಸುತ್ತ, ಬಟ್ಟೆ ಮಡಿಸುತ್ತ, ಅದೇ ಪಾಠ.

"ಏನಂತ ಹೇಳ್ತೀರಿ?"

"ಸಾರ್ ಹೇಳಿದ್ರು, ನಾನು ಸೈನ್ ಮಾಡ್ದೆ."

"ಆ ಕೊನೇ ಶುಕ್ರವಾರ?"

"ಅವತ್ತೂ ಸಾರ್ ಹೇಳಿದ್ರು."

"ಹಂಗೇ ಹೇಳಿ. ನಿಮ್ಮದು ಬರೀ ಕೈ, ಬುದ್ಧಿಯೆಲ್ಲ ಅವರದು. ಕೈಗುಣ ಗೀಗುಣ ಅಂತ ಅಲ್ಲಿ ಬಾಯಿ ಬಿಟ್ಟೀರಾ, ನಿಮ್ಮ ದಮ್ಮಯ್ಯ."

ಬರೀ ಕೈ. ಆ ಮಾತು ಶಾಮಣ್ಣನಿಗೆ ನುಂಗಲಾರದ ತುತ್ತಾಯಿತು. ಆದರೂ ಮನೆ ಉಳಿಯಬೇಕಲ್ಲ ಎಂದು ಒಪ್ಪಿದ. ದೇವರ ಗೂಡಿನಲ್ಲಿದ್ದ ಕಾರ್ಡನ್ನು ರಾಧಮ್ಮ ಯಾವಾಗಲೋ ತೆಗೆದು ಎಸೆದಿದ್ದಳು.

ಯಾರನ್ನು ಕರೆದುಕೊಂಡು ಹೋಗುವುದು ಎಂಬ ಮಾತು ಬಂದಾಗ ಒಲೆನಾಳ ಹೆಸರು ಹೇಳಿದ್ದೂ ರಾಧಮ್ಮನೇ. "ಆಯಮ್ಮಂಗೆ ದುಡ್ಡು ಸಿಕ್ಕಿದೆ. ಋಣ ಇದೆ. ನಿಮ್ಮ ಮೇಲೆ ಕೆಟ್ಟದು ಹೇಳಲ್ಲ." ಶಾಮಣ್ಣ ಫೋನ್ ಮಾಡಿದ ತಕ್ಷಣ ಒಲೆನಾ ಒಪ್ಪಿದಳು. ನೀನು ಕರೆಯದಿದ್ದರೂ ಬರುತ್ತಿದ್ದೆ ಎಂದಳು. ಏನು ಹೇಳಬೇಕೆಂದು ಅವಳಿಗೂ ಹೇಳಿಕೊಡೋಣ ಎಂದು ರಾಧಮ್ಮ ಅಂದಳು. ಬೇರೆಯವರಿಗೆ ಸುಳ್ಳು ಹೇಳಿಕೊಡುವಷ್ಟು ಕೀಳಿಗೆ ಇಳಿಯುವುದಿಲ್ಲ ಎಂದು ಶಾಮಣ್ಣ ಬೈದ. ತಾನು ಹೇಳಲಿರುವುದೂ ಅದೇ ಎಂಬುದು ಆಗ ಅವನಿಗೆ ಹೊಳೆಯಲಿಲ್ಲ.

ಕಚೇರಿಯ ದಿನ ಮೋಡ ಕವಿದು ಸೋನೆ ಹಿಡಿದಿತ್ತು. ರಾಧಮ್ಮ ರಜ ಹಾಕಿ ಬಂದು ಕಾರಿನಲ್ಲೇ ಕೂತಳು. ಒಳಗೆ ಬಂದರೆ ನಡುವೆ ಬಾಯಿ ಹಾಕಿಬಿಡುತ್ತೇನೆ ಎಂದಳು. ಒಳಗಿನ ಸಣ್ಣ ಕೋಣೆಯಲ್ಲಿ ಅಧಿಕಾರಿ, ಎದುರಿಗೆ ಶಾಮಣ್ಣ, ಪಕ್ಕದಲ್ಲಿ ಚರ್ಚಿಗೆ ಹೋಗುವ ಕೋಟು ತೊಟ್ಟುಕೊಂಡು ಬಂದಿದ್ದ ಒಲೆನಾ. ಮಾತೆಲ್ಲ ಇಂಗ್ಲಿಷಿನಲ್ಲಿ. ಇಬ್ಬರದೂ ಹರುಕು ಇಂಗ್ಲಿಷು, ಆದರೆ ವರ್ಕ್‌ಶಾಪಿನ ಗದ್ದಲದಲ್ಲಿ ವರ್ಷಗಟ್ಟಲೆ ಒಬ್ಬರದನ್ನೊಬ್ಬರು ಕೇಳಿ ಅಭ್ಯಾಸವಾಗಿತ್ತು.

ಮೊದಲ ಪ್ರಶ್ನೆಗಳೆಲ್ಲ ಸುಸೂತ್ರವಾಗಿ ಹೋದವು. ಎಷ್ಟು ಹೊತ್ತಿಗೆ ಕೆಲಸಕ್ಕೆ ಬರುತ್ತಿದ್ದಿರಿ, ಯಾವ ಮಿಷನ್, ರಜ ಬೇಕಾದರೆ ಯಾರನ್ನು ಕೇಳುತ್ತಿದ್ದಿರಿ. ಅಧಿಕಾರಿ ತಲೆಯಾಡಿಸುತ್ತ ಬರೆದುಕೊಂಡಳು. ಇವನು ಕೆಲಸಗಾರನೇ ಎಂದು ಅವಳ ಮುಖದಲ್ಲೇ ಕಾಣುತ್ತಿತ್ತು.

"ಆ ಕೊನೆಯ ಶುಕ್ರವಾರ ಯಾರಿಗೆ ಚೆಕ್ ಕೊಡಬೇಕೆಂದು ತೀರ್ಮಾನಿಸಿದವರು ಯಾರು?"

"ಮಾಲೀಕರು," ಎಂದ ಶಾಮಣ್ಣ. "ಅವರು ಹೇಳಿದರು, ನಾನು ಸೈನ್ ಮಾಡಿದೆ."

ಅಧಿಕಾರಿ ಅದನ್ನು ಬರೆದುಕೊಂಡು ಒಲೆನಾಳ ಕಡೆಗೆ ತಿರುಗಿದಳು. ಈ ಮನುಷ್ಯನ ಬಗ್ಗೆ ನಿಮಗೆ ಗೊತ್ತಿರುವುದನ್ನು ಹೇಳಿ ಎಂದಳು. ಒಲೆನಾ ಕೋಟಿನ ಗುಂಡಿ ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಇವನು ಸುಮ್ಮನೆ ತನ್ನನ್ನು ಕೆಳಗಿಟ್ಟು ಮಾತಾಡುತ್ತಿದ್ದಾನೆ. ಇವನು ಹಾಗೇ. ಅವತ್ತು ಮಾಲೀಕ ಬರಲೇ ಇಲ್ಲ. ಇವನೇ ಒಳಗೆ ಕೂತು ಯೋಚನೆ ಮಾಡಿದ. ಇವಳ ಮಗನಿಗೆ ಕಾಯಿಲೆ, ಇವಳಿಗೆ ಮೊದಲು ಅಂತ ನನ್ನ ಚೆಕ್ ಮೊದಲು ಬರೆದ. ಅನಿಲ್ ಕೇಳಿದಾಗ, ನಿನಗೆ ಸಂಸಾರ ಇಲ್ಲ, ನೀನು ಕಾಯಿ ಅಂತ ಹೇಳಿದ. ನಾನೇ ಕೇಳಿಸಿಕೊಂಡೆ. ತನಗೆ ತಾನು ಬರೆದುಕೊಳ್ಳಲಿಲ್ಲ. ಅವನ ಕೈಯಲ್ಲಿ ಅಧಿಕಾರ ಇತ್ತು, ಬೇಕಾದರೆ ಬರೆದುಕೊಳ್ಳಬಹುದಿತ್ತು. ಇಂಥವನಿಗೆ ನೀವು ಅವನ ದುಡ್ಡು ಕೊಡಲೇಬೇಕು."

ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಅವಳು ಹಾಗೆ ಹೇಳುತ್ತಿರುವಾಗ ಶಾಮಣ್ಣನ ಎದೆ ಆ ಹೊತ್ತಿನಲ್ಲೂ ಒಂದಿಷ್ಟು ಉಬ್ಬಿತ್ತು. ಆಮೇಲೆಯೇ ಆ ಮಾತಿನ ಅರ್ಥ ಅವನ ತಲೆಗೆ ಹೋದದ್ದು.

"ಇವರು ಹೇಳಿದ್ದು ನಿಜವೆ?" ಅಧಿಕಾರಿಯ ದನಿ ಗಟ್ಟಿಯಿರಲಿಲ್ಲ. ಇಲ್ಲ ಎನ್ನಲಿ ಎಂದು ಅವಳೂ ಬಯಸಿದಂತಿತ್ತು.

ಇಲ್ಲ ಎನ್ನಬಹುದಿತ್ತು. ಈಕೆಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ, ತಪ್ಪು ತಿಳಿದುಕೊಂಡಿದ್ದಾಳೆ ಎನ್ನಬಹುದಿತ್ತು. ಕಾರಿನಲ್ಲಿ ಕೂತ ರಾಧಮ್ಮ ಕಣ್ಣ ಮುಂದೆ ಬಂದಳು, ಮನೆ ಬಂತು. ಅವನು ಒಲೆನಾಳ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತ, ಹೇಳು, ಹೆದರಬೇಡ ಎನ್ನುವಂತೆ ತಲೆಯಾಡಿಸಿದಳು. ಇವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಇವಳ ಮುಖಕ್ಕೇ ಹೇಳುವುದು ಹೇಗೆ?

"ಹೌದು," ಎಂದ ಶಾಮಣ್ಣ. "ನಾನೇ."

ಅಧಿಕಾರಿ ಒಲೆನಾಳಿಗೆ ಥ್ಯಾಂಕ್ಸ್ ಹೇಳಿ ಹೊರಗೆ ಕಳಿಸಿದಳು. ಬಾಗಿಲು ಮುಚ್ಚಿದ ಮೇಲೆ ಒಂದೊಂದಾಗಿ ಹೇಳಿದಳು. ನಿಮ್ಮ ದೂರನ್ನು ನಾನು ಮುಂದುವರಿಸಲಾರೆ. ಉಳಿದವರ ಬಾಕಿ ತೀರಿಸಬೇಕಾದವರ ಪಟ್ಟಿಗೆ ಮಾಲೀಕರ ಜೊತೆ ನಿಮ್ಮ ಹೆಸರನ್ನೂ ಸೇರಿಸಬೇಕಾಗುತ್ತದೆ. ಮೇಲ್ಮನವಿಗೆ ಅವಕಾಶವಿದೆ, ವಕೀಲರನ್ನು ನೋಡಿ. ಕೊನೆಗೆ, ಕೇಳಲು ತನಗೇ ಮನಸ್ಸಿಲ್ಲದವಳಂತೆ, "ನಿಮ್ಮ ಹೆಸರಿನಲ್ಲಿ ಮನೆ ಇದೆಯೆ?" ಎಂದಳು.

ಇದೆ ಎಂದ.

ಹೊರಗೆ ಸೂರಿನ ಕೆಳಗೆ ಒಲೆನಾ ಅವನಿಗಾಗಿ ಕಾಯುತ್ತ ನಿಂತಿದ್ದಳು. "ಸರಿಯಾಗಿ ಹೇಳಿದೆನಾ? ಬಸ್ಸಿನಲ್ಲಿ ಬರುವಾಗೆಲ್ಲ ಅಭ್ಯಾಸ ಮಾಡಿಕೊಂಡೇ ಬಂದೆ," ಎಂದಳು.

"ಚೆನ್ನಾಗಿ ಹೇಳಿದಿರಿ."

"ಹಾಗಾದರೆ ನಮ್ಮ ಹಳೇ ಬಾಕಿ ದುಡ್ಡು ಬರುತ್ತದಾ? ಸರ್ಕಾರ ಕೊಡುತ್ತದಾ?"

"ಬರುತ್ತೆ," ಎಂದ ಶಾಮಣ್ಣ.

ಅವಳು ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಮಳೆಯಲ್ಲೇ ಬಸ್ ಸ್ಟಾಪಿನ ಕಡೆ ಓಡಿದಳು. ಶಾಮಣ್ಣ ಕಾರಿನ ಹತ್ತಿರ ಹೋದ. ರಾಧಮ್ಮ ಒಳಗಿನಿಂದಲೇ ಬಾಗಿಲು ತೆಗೆದಳು.

"ಏನಾಯ್ತು ರೀ? ಆಯಮ್ಮ ನಿಮ್ಮ ಪರವಾಗಿ ಹೇಳಿದ್ಳಾ?"

ಅವನು ಸೀಟಿನಲ್ಲಿ ಕೂತು, ಬೆಲ್ಟ್ ಎಳೆದುಕೊಂಡ. ಅದರ ಕೊಂಡಿ ಹಾಕಲು ಕೈ ಬರಲಿಲ್ಲ. ರಾಧಮ್ಮ ಬಗ್ಗಿ ತಾನೇ ಹಾಕಿದಳು.

"ಹೇಳಿದ್ಳು ಕಣೇ," ಎಂದ. "ಒಂದನ್ನೂ ಬಿಡದೆ ಹೇಳಿದ್ಳು."